ನಿರುದ್ಯೋಗ ಇಳಿದಿದೆ ಅನ್ನುವವರು, ಕೆಲಸವೇ ಇಲ್ಲ ಅನ್ನುವವರು: ಯಾರ ಲೆಕ್ಕ ನಂಬಬೇಕು?

ಟಿವಿ ಚರ್ಚೆಯಲ್ಲಿ ಒಬ್ಬರು ನಿರುದ್ಯೋಗ ಶೇ 6ರಿಂದ ಶೇ 3.2ಕ್ಕೆ ಇಳಿದಿದೆ, ದೇಶದ ಆರ್ಥಿಕತೆ ಗಟ್ಟಿಯಾಗಿದೆ ಅಂದರು; ಇನ್ನೊಬ್ಬರು ಓದಿದ ಹುಡುಗರಿಗೆ ಕೆಲಸವೇ ಇಲ್ಲ ಅಂದರು; ಇಬ್ಬರ ಕೈಯಲ್ಲೂ ಸರ್ಕಾರದ್ದೇ ಅಂಕಿ ಇತ್ತು, ಯಾರನ್ನು ನಂಬಲಿ ಎಂದು ಕೇಳಿದ್ದೀರಿ. ಇಬ್ಬರ ಅಂಕಿಯೂ ಸರಿ. ಆದರೆ ನಮ್ಮಂಥ ದೇಶದಲ್ಲಿ ನಿರುದ್ಯೋಗ ದರವೊಂದನ್ನೇ (ದುಡಿಯುವವರು ಮತ್ತು ಕೆಲಸ ಹುಡುಕುವವರು ಸೇರಿದ ಒಟ್ಟು ಜನರಲ್ಲಿ ಕೆಲಸವಿಲ್ಲದೆ ಹುಡುಕುತ್ತಿರುವವರ ಪಾಲು) ಹಿಡಿದು ವಾದಕ್ಕೆ ಕೂತರೆ ಅದು ಬಗೆಹರಿಯುವುದಿಲ್ಲ. ಯಾಕೆ ಎಂದು ಹೇಳುತ್ತೇನೆ.

ಈ ಅಂಕಿಗಳು ಬರುವುದು ಪಿಎಲ್‌ಎಫ್‌ಎಸ್ ಎಂಬ ಕಾರ್ಮಿಕ ಸಮೀಕ್ಷೆಯಿಂದ. ಅದು ಶುರುವಾದದ್ದು 2017ರಲ್ಲಿ. ಅದರಲ್ಲಿ ಮುಖ್ಯವಾಗಿ ಎರಡು ಅಳತೆಗೋಲುಗಳಿವೆ. ಮೊದಲನೆಯದು ವರ್ಷದ ಲೆಕ್ಕ: ಕಳೆದ 365 ದಿನಗಳಲ್ಲಿ ಬಹುಪಾಲು ದುಡಿದವರು ಉದ್ಯೋಗಿಗಳು, ಹಾಗಿಲ್ಲದಿದ್ದರೂ ಉಪಕಸುಬಾಗಿ 30 ದಿನ ದುಡಿದಿದ್ದರೆ ಅವರೂ ಉದ್ಯೋಗಿಗಳೇ. ಎರಡನೆಯದು ವಾರದ ಲೆಕ್ಕ: ಏಳು ದಿನಗಳಲ್ಲಿ ಒಂದು ಗಂಟೆ ದುಡಿದಿದ್ದರೂ ಸಾಕು. 2023-24ರಲ್ಲಿ ವರ್ಷದ ಲೆಕ್ಕದ ನಿರುದ್ಯೋಗ ಶೇ 3.2, ವಾರದ ಲೆಕ್ಕದ್ದು ಶೇ 4.9. ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. 2025ರಿಂದ ಬರುತ್ತಿರುವ ಮಾಸಿಕ ವರದಿ ವಾರದ ಲೆಕ್ಕದ್ದು. ಅದರ ಮೊದಲ ಸಂಚಿಕೆಯಲ್ಲಿ, ಅಂದರೆ 2025ರ ಏಪ್ರಿಲ್‌ಗೆ, ದರ ಶೇ 5.1 ಇತ್ತು. ಅದನ್ನು 3.2ರ ಪಕ್ಕ ಇಟ್ಟು 'ನಿರುದ್ಯೋಗ ಜಿಗಿಯಿತು' ಅಂದರೆ ಸೇರಿನ ಅಳತೆಯನ್ನು ಕಿಲೋ ಜೊತೆ ಹೋಲಿಸಿದ ಹಾಗೆ. ಕೋಷ್ಟಕದ ತಲೆಬರಹದಲ್ಲಿ 'ಪಿಎಸ್+ಎಸ್‌ಎಸ್' ಇದ್ದರೆ ವರ್ಷದ್ದು, 'ಸಿಡಬ್ಲ್ಯುಎಸ್' ಇದ್ದರೆ ವಾರದ್ದು. ಮೊದಲು ಅದನ್ನು ನೋಡಿಕೊಳ್ಳಿ.

ಇನ್ನು ಮುಖ್ಯ ಲೆಕ್ಕ. 15 ವರ್ಷ ಮೇಲ್ಪಟ್ಟ ನೂರು ಜನರನ್ನು ತೆಗೆದುಕೊಳ್ಳಿ. 2017-18ರಲ್ಲಿ ಅವರಲ್ಲಿ ದುಡಿಯುತ್ತಿದ್ದವರು 46.8, 2023-24ರಲ್ಲಿ 58.2. ಅಂದರೆ ನೂರಕ್ಕೆ 11.4 ಜನ ಹೆಚ್ಚಾಗಿ ದುಡಿಮೆಗೆ ಬಂದರು. ಇದು ಸಣ್ಣ ಏರಿಕೆಯಲ್ಲ, 'ಕೆಲಸವೇ ಹುಟ್ಟಿಲ್ಲ' ಎಂಬ ವಾದ ಇಲ್ಲಿಗೇ ಬೀಳುತ್ತದೆ. ಹಾಗಾದರೆ ಅವರು ಎಲ್ಲಿಗೆ ಬಂದರು? ದುಡಿಯುವವರಲ್ಲಿ ಸ್ವಂತ ಕಸುಬಿನವರ ಪಾಲು ಶೇ 52.2 ಇದ್ದದ್ದು 58.4 ಆಯಿತು. ತಿಂಗಳ ಸಂಬಳದವರದು 22.8ರಿಂದ 21.7ಕ್ಕೆ, ದಿನಗೂಲಿಯವರದು 24.9ರಿಂದ 19.8ಕ್ಕೆ ಇಳಿಯಿತು. ಈ ಪಾಲುಗಳನ್ನು 46.8 ಮತ್ತು 58.2ರಿಂದ ಗುಣಿಸಿ ನೋಡಿ. ನೂರು ಜನರಲ್ಲಿ ಸಂಬಳದವರು ಸುಮಾರು 10.7ರಿಂದ 12.6ಕ್ಕೆ ಏರಿದ್ದಾರೆ, ಅಂದರೆ ಪಾಲು ಇಳಿದರೂ ತಲೆ ಎಣಿಕೆ ಇಳಿದಿಲ್ಲ. ದಿನಗೂಲಿಯವರು ಹೆಚ್ಚುಕಡಿಮೆ ಇದ್ದಲ್ಲೇ ಇದ್ದಾರೆ. ಸ್ವಂತ ಕಸುಬಿನವರು 24.4ರಿಂದ 34ಕ್ಕೆ! ಹೊಸದಾಗಿ ಬಂದ 11.4ರಲ್ಲಿ 9.6 ಇವರೇ.

ಸ್ವಂತ ಕಸುಬು ಅಂದ ತಕ್ಷಣ ಅಂಗಡಿ ಹಾಕಿದ ಉದ್ಯಮಿಯನ್ನು ಕಲ್ಪಿಸಿಕೊಳ್ಳಬೇಡಿ. ಗಂಡನ ಕಿರಾಣಿ ಅಂಗಡಿಯಲ್ಲಿ ಕೂರುವ, ಮನೆಯ ಹೊಲದಲ್ಲಿ ಕಳೆ ಕೀಳುವ, ಕೈಗೆ ಒಂದು ರೂಪಾಯಿಯೂ ಬಾರದ ಹೆಂಡತಿಯೂ ಇದೇ ಗುಂಪಿನಲ್ಲಿದ್ದಾಳೆ. ದುಡಿಯುವವರಲ್ಲಿ ಇಂಥ ಸಂಬಳವಿಲ್ಲದ ಸಹಾಯಕರ ಪಾಲು ಶೇ 13.6ರಿಂದ 19.4ಕ್ಕೆ ಹೋಗಿದೆ, ಮೇಲಿನ 9.6ರಲ್ಲಿ ಸುಮಾರು ಅರ್ಧ ಅದೇ. ಇದೇ ಅವಧಿಯಲ್ಲಿ ದುಡಿಮೆಗೆ ಇಳಿದ ಅಥವಾ ಕೆಲಸ ಹುಡುಕುತ್ತಿರುವ ಹೆಂಗಸರ ಪ್ರಮಾಣ ಶೇ 23.3ರಿಂದ 41.7ಕ್ಕೆ ಏರಿದೆ. ಆ ದುಡಿಮೆ ಹಿಂದೆಯೂ ಇತ್ತೇ, ಈಗಷ್ಟೇ ಸಮೀಕ್ಷೆಯವರ ಕಣ್ಣಿಗೆ ಬಿತ್ತೇ ಎಂಬ ತಕರಾರು ತಜ್ಞರಲ್ಲಿದೆ. ಅವಳ ಶ್ರಮ ಲೆಕ್ಕಕ್ಕೆ ಬಂದದ್ದು ನ್ಯಾಯವೇ. ಅದನ್ನು 'ಉದ್ಯೋಗ ಸೃಷ್ಟಿ' ಎಂದು ಘೋಷಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಕೃಷಿಯನ್ನೂ ಸೇರಿಸಿಕೊಳ್ಳಿ. ಬೆಳೆಯುವ ಆರ್ಥಿಕತೆಯಲ್ಲಿ ಜನ ಹೊಲ ಬಿಟ್ಟು ಬೇರೆ ಕಡೆ ಹೋಗಬೇಕು. ಇಲ್ಲಿ ಕೃಷಿಯಲ್ಲಿರುವವರ ಪಾಲು ಶೇ 44.1ರಿಂದ 46.1ಕ್ಕೆ ಏರಿದೆ. ದೇಶದ ಉತ್ಪನ್ನದಲ್ಲಿ ಕೃಷಿಯ ಪಾಲೋ ಶೇ 18ರ ಆಸುಪಾಸು. ಜಿಡಿಪಿ ಚೆನ್ನಾಗಿದ್ದರೂ ಮನೆಗಳಲ್ಲಿ ಅದು ಕಾಣದಿರಲು ಇದೊಂದು ಕಾರಣ. ಆದಾಯದ ಲೆಕ್ಕವೂ ಹಾಗೇ: 2024-25ರ ಆರ್ಥಿಕ ಸಮೀಕ್ಷೆ ಕೊಟ್ಟಂತೆ, ಬೆಲೆಯೇರಿಕೆ ಕಳೆದ ಮೇಲೆ, ಸಂಬಳದ ಗಂಡಸರ ತಿಂಗಳ ಆದಾಯ 2017-18ರ ₹12,665ರಿಂದ 2023-24ರಲ್ಲಿ ₹11,858ಕ್ಕೆ, ಸ್ವಂತ ಕಸುಬಿನ ಗಂಡಸರದು ₹9,454ರಿಂದ ₹8,591ಕ್ಕೆ ಇಳಿದಿದೆ. ಗಂಡಸರ ದಿನಗೂಲಿ ಮಾತ್ರ ₹203ರಿಂದ ₹242ಕ್ಕೆ ಏರಿದೆ. ಇದನ್ನು ಮುಚ್ಚಿಟ್ಟು ವಾದ ಮಾಡುವುದು ತಪ್ಪು.

ಚರ್ಚೆಯಲ್ಲಿ ಪಿಎಫ್ ಅಂಕಿ, ಅಂದರೆ ಹೊಸ ಭವಿಷ್ಯನಿಧಿ ಖಾತೆಗಳ ಲೆಕ್ಕ ತೋರಿಸಿದರೆ ಹುಷಾರಾಗಿರಿ. 20 ಜನಕ್ಕಿಂತ ಕಡಿಮೆ ಇರುವ ಘಟಕ ಸಾಮಾನ್ಯವಾಗಿ ಪಿಎಫ್ ವ್ಯಾಪ್ತಿಗೆ ಬರುವುದಿಲ್ಲ. 19 ಜನರಿದ್ದ ಗಾರ್ಮೆಂಟ್ ಘಟಕ ಇನ್ನೊಬ್ಬರನ್ನು ಸೇರಿಸಿಕೊಂಡರೆ 20 ಹೊಸ ಖಾತೆ ತೆರೆಯಬಹುದು. ಹುಟ್ಟಿದ ಕೆಲಸ ಒಂದೇ. ಹಳಬರಿಗೆ ಭದ್ರತೆ ಸಿಕ್ಕಿತು, ಅದು ದೊಡ್ಡದೇ, ಆದರೆ ಅದು ಬೇರೆ ವಿಷಯ. ರಿಸರ್ವ್ ಬ್ಯಾಂಕಿನ ಕ್ಲೆಮ್ಸ್ ದತ್ತಾಂಶದಲ್ಲಿ (ಉದ್ಯಮವಾರು ಉತ್ಪಾದಕತೆಯ ಲೆಕ್ಕದಲ್ಲಿ) ಬರುವ '2023-24ರಲ್ಲಿ 4.67 ಕೋಟಿ ಹೊಸ ಉದ್ಯೋಗ' ಕೂಡ ಪ್ರತ್ಯೇಕ ಎಣಿಕೆಯಲ್ಲ. ಸಮೀಕ್ಷೆಯ ಪ್ರಮಾಣಗಳನ್ನು ಅಂದಾಜು ಜನಸಂಖ್ಯೆಗೆ ಗುಣಿಸಿದ್ದು, ಹಾಗಾಗಿ ಹೊಲದಲ್ಲಿ ಕಳೆ ಕೀಳುವವಳು ಅಲ್ಲಿಯೂ ಇದ್ದಾಳೆ. ಆ ಜನಸಂಖ್ಯೆಗೆ ಆಧಾರ 2011ರ ಜನಗಣತಿ.

ಕೊನೆಗೆ, ಓದಿದ ಹುಡುಗರ ಮಾತು. 2023-24ರಲ್ಲಿ 15ರಿಂದ 29 ವಯಸ್ಸಿನವರ ನಿರುದ್ಯೋಗ ಶೇ 10.2. ಅದೇ ವರ್ಷ ಕೇರಳದ ಒಟ್ಟು ದರ ಶೇ 7.2, ಮಧ್ಯಪ್ರದೇಶದ್ದು ಶೇ 1. ಕೆಲಸ ಹುಡುಕಿಕೊಂಡು ಮಧ್ಯಪ್ರದೇಶಕ್ಕೆ ಹೊರಟ ಮಲಯಾಳಿಗಳನ್ನು ಕಂಡಿದ್ದೀರಾ? ತಕ್ಕ ಕೆಲಸ ಸಿಗುವ ತನಕ ಕಾಯಲು ಮನೆಯಲ್ಲಿ ಅಷ್ಟಿಷ್ಟು ಅನುಕೂಲ ಬೇಕು. ಅದಿಲ್ಲದವರು ಸಿಕ್ಕಿದ್ದನ್ನು ಮಾಡುತ್ತಾರೆ, ಸಮೀಕ್ಷೆಯಲ್ಲಿ 'ಉದ್ಯೋಗಿ' ಆಗುತ್ತಾರೆ.