ಮೂರನೇ ಕ್ಲಾಸಿನ ಮಗನಿಗೆ ಐಕ್ಯೂ ಟೆಸ್ಟ್ ಮಾಡಿಸಬೇಕಾ?

ನೀವು ಬರೆದದ್ದು ಓದಿದೆ. ಕೇರಳದ ಕಾಸರಗೋಡು ಜಿಲ್ಲೆ, ಕುಂಬಳೆ ಹತ್ತಿರದ ಕನ್ನಡ ಮೀಡಿಯಂ ಶಾಲೆ, ಮಗ ಮಾತಿನಲ್ಲಿ ಚುರುಕು, ಓದು ಬರಹ ಮಾತ್ರ ಹತ್ತುವುದಿಲ್ಲ. ಟೀಚರ್ ಐಕ್ಯೂ ಟೆಸ್ಟ್ ಮಾಡಿಸಿ ಅಂದಿದ್ದಾರೆ. ‘ದಡ್ಡ ಅಂತ ಹೆಸರು ಬೀಳುತ್ತದೆ’ ಅಂತ ಅತ್ತೆ ತಡೆಯುತ್ತಿದ್ದಾರೆ.

ಮಾಡಿಸಿ. ಆದರೆ ಹೋಗುವ ಮೊದಲು ಫೋನಿನಲ್ಲೇ ಒಂದು ಮಾತು ಕೇಳಿ: ಯಾವ ಭಾಷೆಯಲ್ಲಿ ಮಾಡುತ್ತೀರಿ? ನನ್ನ ಮಗಳನ್ನು ಕರಕೊಂಡು ಹೋದಾಗ ನಾನು ಅದನ್ನು ಕೇಳದೆ ಕೆಟ್ಟೆ.

ನಮ್ಮದೂ ಕಾಸರಗೋಡೇ, ಬದಿಯಡ್ಕದಿಂದ ಒಳಗೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮಗಳ ಮಲಯಾಳ ಅಂಗಡಿಯಲ್ಲಿ ‘ಎತ್ರ’ (ಎಷ್ಟು) ಅಂತ ಕೇಳುವಷ್ಟು. ಮೊದಲು ಹೋದ ಕಡೆ ಸೈಕಾಲಜಿಸ್ಟಿಗೆ ಕನ್ನಡ ಬರುತ್ತಿರಲಿಲ್ಲ, ಪ್ರಶ್ನೆಯೆಲ್ಲ ಮಲಯಾಳದಲ್ಲೇ. ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ಕೇಳಿದಳು, ‘ಪಟ್ಟಿ ಮತ್ತೆ ಪೂಚ್ಚ ಹೇಗೆ ಒಂದೇ ತರ ಆಗುತ್ತದೆ ಅಪ್ಪಾ?’ ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ, ಪೂಚ್ಚ ಅಂದರೆ ಬೆಕ್ಕು. ಅವಳಿಗೆ ಪಟ್ಟಿ ಅಂದರೆ ಗಾಯಕ್ಕೆ ಸುತ್ತುವ ಬಟ್ಟೆ! ಉತ್ತರ ಹೇಳದೆ ಸುಮ್ನೆ ಕೂತಿದ್ದಳಂತೆ. ಐಕ್ಯೂ 78 ಅಂತ ರಿಪೋರ್ಟ್ ಬಂತು.

ಆ 78 ಏನು ಮಾಡುತ್ತದೆ ಗೊತ್ತುಂಟಾ? ಈ ಟೆಸ್ಟುಗಳಲ್ಲಿ ಸರಾಸರಿ 100. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೆ ಬರುತ್ತಾರೆ. 2016ರ ವಿಕಲಚೇತನರ ಹಕ್ಕು ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆಯೂ (ಬುದ್ಧಿ ಇದ್ದೂ ಓದು, ಬರಹ, ಲೆಕ್ಕ ಹತ್ತದಿರುವುದು) ಒಂದು. ಆದರೆ ನಾವು ಹೋದಾಗ ಇದ್ದ 2018ರ ಕೇಂದ್ರದ ಮಾರ್ಗಸೂಚಿ ಪ್ರಕಾರ, ಐಕ್ಯೂ 85ರ ಮೇಲಿದ್ದರೆ ಮಾತ್ರ ಓದು, ಬರಹ, ಲೆಕ್ಕದ ಮುಂದಿನ ಟೆಸ್ಟ್. ಅಂದರೆ ಒಂದು ನಾಯಿ, ಒಂದು ಬೆಕ್ಕು ಸೇರಿ ಬಾಗಿಲು ಹಾಕಿದ ಹಾಗೆ ಆಯಿತು.

ಮುಂದಿನ ವರ್ಷ ಮಂಗಳೂರಿಗೆ ಹೋದೆವು. ಅದೇ ಟೆಸ್ಟನ್ನು ಬೇಗ ಬೇಗ ಮತ್ತೆ ಕೊಟ್ಟರೆ ಮಕ್ಕಳಿಗೆ ನೆನಪಿನಲ್ಲೇ ಅಂಕ ಏರುತ್ತದೆ, ಅದಕ್ಕೇ ಕಾದದ್ದು. ಅಲ್ಲಿನವರು ಕನ್ನಡದಲ್ಲಿ ಕೇಳಿದರು, ತಡವರಿಸಿದಾಗ ತುಳುವಿನಲ್ಲಿ. 96 ಬಂತು. ಆದರೆ ನನಗೆ ಉಪಯೋಗಕ್ಕೆ ಬಂದದ್ದು 96 ಅಲ್ಲ, ಅದರ ಕೆಳಗಿನ ಬಿಡಿ ಅಂಕಗಳು. ಚಿತ್ರ ನೋಡಿ ಜೋಡಿಸುವುದರಲ್ಲಿ ಅವಳು ಮುಂದೆ. ಕೇಳಿದ ಅಂಕಿಗಳನ್ನು ನೆನಪಿಟ್ಟು ಹೇಳುವುದರಲ್ಲಿ ತುಂಬ ಹಿಂದೆ. ಒಂದೇ ಉಸಿರಿಗೆ ಮೂರು ಕೆಲಸ ಹೇಳಿದರೆ ಒಂದನ್ನು ಮಾತ್ರ ಮಾಡಿ ಬರುತ್ತಿದ್ದಳಲ್ಲ, ಅದು ಉದಾಸೀನ ಅಂತ ನಾನು ಎಷ್ಟು ಬೈದಿದ್ದೆ ಮಾರಾಯ್ರೆ.

ಹಾಗಾಗಿ ಬರೀ ಒಂದು ನಂಬರ್ ಬರೆದ ಚೀಟಿ ತರಬೇಡಿ. ಬಿಡಿ ಅಂಕಗಳಿರುವ ಪೂರ್ತಿ ರಿಪೋರ್ಟ್ ಕೇಳಿ, ಯಾವ ಭಾಷೆಯಲ್ಲಿ ಮಾಡಿದ್ದು ಅನ್ನುವುದನ್ನೂ ಬರೆಸಿ. ಟೆಸ್ಟ್ ಮಾಡುವವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಉಂಟಾ ನೋಡಿ. ಓದಿನ ಟೆಸ್ಟ್ ಇಂಗ್ಲಿಷಿನಲ್ಲೇ ಆಗಬೇಕೆಂದಿಲ್ಲ. ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಮಾಡಿದ ‘ಡಾಲಿ’ ಅನ್ನುವ ಡಿಸ್ಲೆಕ್ಸಿಯಾ (ಓದಿನ ಕಲಿಕಾ ನ್ಯೂನತೆ) ಪರೀಕ್ಷೆ ಕನ್ನಡದಲ್ಲೂ ಉಂಟು. ನಮ್ಮ ಕಾಗುಣಿತವೇ ನಾನೂರರ ಮೇಲೆ, ಅದರ ಮೇಲೆ ಒತ್ತಕ್ಷರ. ಒತ್ತು ಬಿಡುವ ಮಗುವಿನ ಕಷ್ಟ ಎ ಬಿ ಸಿ ಡಿಯಲ್ಲಿ ಹೇಗೆ ಗೊತ್ತಾಗಬೇಕು?

ಹೋಗುವಾಗ ಅವನ ನೋಟ್ಸ್ ಪುಸ್ತಕ ತಗೊಂಡು ಹೋಗಿ. ಚಂದದ ಕಾಪಿ ಅಲ್ಲ, ತಪ್ಪು ತುಂಬಿದ ಡಿಕ್ಟೇಶನ್. ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಬೇಡಿ, ಟೆಸ್ಟೇ ಹಾಳಾಗುತ್ತದೆ. ಒಂದೆರಡು ಗಂಟೆ ಬೇಕು, ಹೊಟ್ಟೆ ತುಂಬಿಸಿ ಕರಕೊಂಡು ಹೋಗಿ. ರಿಪೋರ್ಟಿನ ಒಂದು ಪ್ರತಿ ಶಾಲೆಗೆ ಕೊಟ್ಟು, ಬಿ.ಆರ್.ಸಿ.ಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕರನ್ನು ಕೇಳಿ. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಜಾಸ್ತಿ ಸಮಯ, ಬರೆದು ಕೊಡುವವರು ಬೇಕೆಂದು ಕೇಳುವಾಗಲೂ ಈ ಕಾಗದ ಉಪಯೋಗಕ್ಕೆ ಬರುತ್ತದೆ.

ಇನ್ನು ಅತ್ತೆ. ನನ್ನ ಅಮ್ಮನೂ ಹಾಗೇ ಅಂದಿದ್ದರು. ‘ಕಣ್ಣು, ಕಿವಿ ತೋರಿಸಿ ಬರುತ್ತೇವೆ’ ಅಂತ ಹೇಳಿ ಹೊರಟೆ. ಸುಳ್ಳೇನೂ ಅಲ್ಲ, ಐಕ್ಯೂಗಿಂತ ಮೊದಲು ಅವೆರಡನ್ನು ನೋಡಿಸಲೇಬೇಕಲ್ವಾ?