ಸ್ಟುಟ್‌ಗಾರ್ಟ್‌ನಲ್ಲಿ ಮನೆ ಸಿಕ್ಕಿತು, ನೆಟ್ ಯಾವಾಗ ಬರುತ್ತೆ?

ಮನೆ ಸಿಕ್ಕಿತು ಅಂತ ಓದಿ ತುಂಬಾ ಖುಷಿಯಾಯಿತು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಬಾಡಿಗೆ ಮನೆ ಹುಡುಕುವ ಪಾಡು ನನಗೂ ಗೊತ್ತು. ನೀವು ಮೂರು ವಿಷಯ ಕೇಳಿದ್ದೀರಿ. ಮುಂದಿನ ತಿಂಗಳು ಹೆಂಡತಿ, ಮಗು ಬರುವಷ್ಟರಲ್ಲಿ ನೆಟ್ ಬರುತ್ತಾ? ಶಿವಮೊಗ್ಗದ ಮನೆಯಲ್ಲಿರುವ ರೌಟರ್ ತರಿಸಿಕೊಳ್ಳಲಾ? ಮೂರು ಕೋಣೆಗೂ ವೈಫೈ ಸಿಗಬೇಕಾದರೆ ಏನು ಮಾಡಬೇಕು? ನಾನು ಇಲ್ಲಿಗೆ ಬಂದು 11 ವರ್ಷ ಆಯಿತು, ಮೂರು ಮನೆ ಬದಲಾಯಿಸಿದ್ದೇನೆ. ಕಂಡಿದ್ದನ್ನು ಹೇಳುತ್ತೇನೆ.

ಊರಲ್ಲಿ ನೆಟ್ ಹೋದರೆ ಕೇಬಲ್‌ನವರಿಗೆ ಒಂದು ಫೋನ್ ಮಾಡುತ್ತೇವೆ. ಸಂಜೆಯೊಳಗೆ ಹುಡುಗ ಬೈಕಲ್ಲಿ ಬರುತ್ತಾನೆ, ಕಂಬ ಹತ್ತುತ್ತಾನೆ, ಒಳಗೆ ಬಂದು ರೌಟರನ್ನೂ ಸರಿಮಾಡಿ ಹೋಗುತ್ತಾನೆ. ಇಲ್ಲಿ ಹಾಗೆ ಯಾರೂ ಬರುವುದಿಲ್ಲ. ಗೋಡೆಯ ಸಾಕೆಟ್‌ವರೆಗೆ ಕಂಪನಿಯ ಜವಾಬ್ದಾರಿ, ಅಲ್ಲಿಂದ ಒಳಗೆ ನಿಮ್ಮದು. ಅದಕ್ಕೇ ಮನೆಯೊಳಗಿನ ಕೆಲಸವನ್ನು ನೀವೇ ಕಲಿತುಕೊಳ್ಳಿ. ಕಷ್ಟವೇನಿಲ್ಲ, ಎರಡು ವಾರಾಂತ್ಯ ಸಾಕು.

ನೆಟ್ ಕನೆಕ್ಷನ್‌ಗೆ ಅರ್ಜಿಯನ್ನು ಇವತ್ತೇ ಹಾಕಿ. ಬೀಗದ ಕೈ ಸಿಗಲಿ ಅಂತ ಕಾಯಬೇಡಿ, ಬಾಡಿಗೆ ಕರಾರಿಗೆ ಸಹಿ ಬಿದ್ದಿದ್ದರೆ ಸಾಕು. ಟೆಕ್ನಿಷಿಯನ್ ಬರುವ ತಾರೀಖು ಮೂರು ನಾಲ್ಕು ವಾರ ಮುಂದೆ ಸಿಗುವುದು ಇಲ್ಲಿ ಮಾಮೂಲು. ಅರ್ಜಿಯಲ್ಲಿ ನಿಮ್ಮ ಮನೆ ಎಷ್ಟನೇ ಮಹಡಿ, ಮೆಟ್ಟಿಲು ಹತ್ತಿದರೆ ಎಡಕ್ಕಾ ಬಲಕ್ಕಾ ಅಂತ ಕೇಳುತ್ತಾರೆ. ಮೊದಲು ಅಲ್ಲಿದ್ದವರ ಹೆಸರು ಗೊತ್ತಿದ್ದರೆ ಅದನ್ನೂ ಬರೆಯಿರಿ. ಯಾವ ತಂತಿ ನಿಮ್ಮ ಮನೆಯದು ಅಂತ ಕಂಡುಹಿಡಿಯಲು ಅವರಿಗೆ ಅದು ಬೇಕು.

ನನ್ನ ಮೊದಲ ಮನೆಯಲ್ಲಿ ಆಗಿದ್ದನ್ನು ಕೇಳಿ. ಬೆಳಿಗ್ಗೆ 8ರಿಂದ 12ರೊಳಗೆ ಟೆಕ್ನಿಷಿಯನ್ ಬರುತ್ತಾರೆ ಅಂದಿದ್ದರು. ರಜೆ ಹಾಕಿ ಕಾದು ಕೂತೆ. ಯಾರೂ ಬರಲಿಲ್ಲ. ಮಧ್ಯಾಹ್ನ ಮೊಬೈಲ್‌ಗೆ ಮೆಸೇಜ್ ಬಂತು, "ಬಂದಿದ್ದೆವು, ನೀವು ಸಿಗಲಿಲ್ಲ" ಅಂತ. ಕೆಳಗೆ ಹೋಗಿ ನೋಡಿದರೆ ಕರೆಗಂಟೆಯ ಫಲಕದಲ್ಲಿ ಇನ್ನೂ ಹಳೇ ಬಾಡಿಗೆದಾರರ ಹೆಸರೇ ಇತ್ತು. ಇಲ್ಲಿ ಮನೆ ನಂಬರ್ ನೋಡಿ ಗಂಟೆ ಒತ್ತುವುದಿಲ್ಲ, ಹೆಸರು ನೋಡಿ ಒತ್ತುತ್ತಾರೆ. ಮತ್ತೆ ಮೂರು ವಾರ ಕಾದೆ. ಆ ಮೂರು ವಾರ ಅಮ್ಮನ ಹತ್ತಿರ ಬಸ್ ಸ್ಟಾಪಲ್ಲಿ ನಿಂತು ಮಾತಾಡಿದ್ದೇನೆ. ನೀವು ಮನೆಗೆ ಕಾಲಿಟ್ಟ ದಿನವೇ ಒಂದು ಕಾಗದದಲ್ಲಿ ಹೆಸರು ಬರೆದು ಟೇಪ್ ಹಾಕಿ ಗಂಟೆಯ ಪಕ್ಕ ಅಂಟಿಸಿ. ಅಂಚೆಪೆಟ್ಟಿಗೆಗೂ ಅಷ್ಟೇ. ಇನ್ನೊಂದು ವಿಷಯ, ಕಟ್ಟಡದ ಟೆಲಿಫೋನ್ ಪೆಟ್ಟಿಗೆ ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿರುತ್ತದೆ. ಆ ಬಾಗಿಲಿನ ಕೀ ಯಾರ ಹತ್ತಿರ ಇದೆ ಅಂತ ಮೊದಲೇ ವಿಚಾರಿಸಿಡಿ.

ನೆಟ್ ಕಂಪನಿಯ ಜೊತೆ ಮಾಡುವ ಕರಾರಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮೊದಲ ಅವಧಿ 24 ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ. ಅದು ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು, 2021ರ ಡಿಸೆಂಬರ್‌ನಿಂದ ಕಾನೂನೇ ಹಾಗಿದೆ. ನಡುವೆ ಮನೆ ಬದಲಾಯಿಸಿ, ಹೊಸ ವಿಳಾಸದಲ್ಲಿ ಆ ಕಂಪನಿ ಅದೇ ಸೇವೆ ಕೊಡಲಾಗದಿದ್ದರೆ ಆಗಲೂ ಒಂದು ತಿಂಗಳ ನೋಟಿಸ್ ಸಾಕು.

ಇನ್ನು ರೌಟರ್. ಕಂಪನಿಯ ಪೆಟ್ಟಿಗೆಯನ್ನೇ ಬಾಡಿಗೆಗೆ ಇಟ್ಟುಕೊಳ್ಳಬೇಕು ಅಂತೇನಿಲ್ಲ. 2016ರ ಆಗಸ್ಟ್ 1ರಿಂದ ಜರ್ಮನಿಯಲ್ಲಿ ನಮಗೆ ಬೇಕಾದ ರೌಟರ್ ಹಾಕಿಕೊಳ್ಳುವ ಹಕ್ಕಿದೆ. ಬಾಡಿಗೆ ತಿಂಗಳಿಗೆ 6 ಯೂರೋ ಅಂತ ಹಿಡಿದರೂ ಎರಡು ವರ್ಷಕ್ಕೆ 144 ಯೂರೋ ಆಯಿತು. ಆ ದುಡ್ಡಿಗೆ ಒಳ್ಳೆಯ ರೌಟರ್ ನಿಮ್ಮದೇ ಆಗುತ್ತದೆ. ಇಲ್ಲಿ ಜಾಸ್ತಿ ಜನ ಬಳಸುವುದು ಫ್ರಿಟ್ಸ್‌ಬಾಕ್ಸ್ ಅನ್ನುವ ರೌಟರ್. ನಾನೂ ಅದನ್ನೇ ಬಳಸುತ್ತೇನೆ. ತಂದುಕೊಳ್ಳುವ ಮುಂಚೆ ನಿಮ್ಮದು ಟೆಲಿಫೋನ್ ತಂತಿಯ ಡಿಎಸ್‌ಎಲ್ಲಾ, ಟಿವಿ ಕೇಬಲ್ಲಾ, ಫೈಬರ್ರಾ ಅಂತ ಖಚಿತ ಮಾಡಿಕೊಳ್ಳಿ. ಮೂರಕ್ಕೂ ಬೇರೆ ಬೇರೆ ಮಾಡೆಲ್. ಡಿಎಸ್‌ಎಲ್ ಆದರೆ ಗೋಡೆಯಲ್ಲಿ ಟಿಎಇ ಅನ್ನುವ ಮೂರು ಸೀಳಿನ ಟೆಲಿಫೋನ್ ಸಾಕೆಟ್ ಕಾಣುತ್ತದೆ. ರೌಟರ್ ತಂತಿ ಹೋಗುವುದು ನಡುವಿನ ಸೀಳಿಗೆ, ಅದರ ಮೇಲೆ ಎಫ್ ಅಂತ ಬರೆದಿರುತ್ತದೆ.

ಶಿವಮೊಗ್ಗದ ರೌಟರನ್ನು ಇದರ ಬದಲಿಗೆ ಅಂತ ತರಬೇಡಿ. ಅಲ್ಲಿಯ ಫೈಬರ್ ಪೆಟ್ಟಿಗೆ ಇಲ್ಲಿ ಲೈನಿಗೆ ಸೇರುವುದಿಲ್ಲ. ಆದರೆ ಸಾಮಾನು ಪಟ್ಟಿಯಲ್ಲಿ ಜಾಗ ಇದ್ದರೆ ಎರಡನೇ ವೈಫೈ ಪಾಯಿಂಟ್ ಅಂತ ತರಬಹುದು. ಇಲ್ಲಿಯೂ 230 ವೋಲ್ಟ್, 50 ಹರ್ಟ್ಸ್, ಅಡಾಪ್ಟರ್ ಸುಡುವುದಿಲ್ಲ. ಮೂರು ಪಿನ್‌ನದಾದರೆ ಮಾತ್ರ ಪ್ಲಗ್ ಹೊಂದುವುದಿಲ್ಲ. ಆ ಹಳೇ ರೌಟರಿನ ಸೆಟ್ಟಿಂಗ್ಸ್‌ನಲ್ಲಿ ಡಿಎಚ್‌ಸಿಪಿ, ಅಂದರೆ ಫೋನು, ಲ್ಯಾಪ್‌ಟಾಪ್‌ಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸವನ್ನು ಆಫ್ ಮಾಡಿ, ಅದರ ವಿಳಾಸವನ್ನು 192.168.178.2 ಅಂತ ಕೊಟ್ಟು, ಫ್ರಿಟ್ಸ್‌ಬಾಕ್ಸ್‌ನಿಂದ ಬರುವ ಕೇಬಲನ್ನು LAN (ಮನೆಯೊಳಗಿನ ನೆಟ್‌ವರ್ಕ್) ಅಂತ ಬರೆದ ತೂತಿಗೆ ಹಾಕಿ, WAN (ಹೊರಗಿನ ಲೈನ್) ತೂತಿಗಲ್ಲ. ಫ್ರಿಟ್ಸ್‌ಬಾಕ್ಸ್ ತನಗೆ 192.168.178.1 ಇಟ್ಟುಕೊಂಡಿರುತ್ತದೆ. ಮನೆಯಲ್ಲಿ ವಿಳಾಸ ಹಂಚುವವರು ಒಬ್ಬರೇ ಇರಬೇಕು. ಇಬ್ಬರಾದರೆ ಒಂದು ಫೋನಿಗೆ ನೆಟ್ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ, ಕಾರಣ ಹುಡುಕಿ ಹುಡುಕಿ ಸಾಕಾಗುತ್ತದೆ.

ಈಗ ಮೂರು ಕೋಣೆಯ ವಿಷಯ. ಇದರಲ್ಲಿ ನಾನು ಒಂದು ವರ್ಷ ಒದ್ದಾಡಿದ್ದೇನೆ. ಈಗಿನ ಮನೆಯಲ್ಲಿ ಟೆಲಿಫೋನ್ ಸಾಕೆಟ್ ಬಾಗಿಲ ಪಕ್ಕ ಇದೆ, ಮಲಗುವ ಕೋಣೆ ಇನ್ನೊಂದು ತುದಿ, ನಡುವೆ ಬಚ್ಚಲುಮನೆ. ಒಂದು ಗೌರಿ ಹಬ್ಬದ ದಿನ ಅಮ್ಮ ಬಾಗಿನದ ಮೊರ ತೋರಿಸುತ್ತಿದ್ದರು. ನನ್ನ ಹೆಂಡತಿ ಆ ಕೋಣೆಯಲ್ಲಿ ಕೂತು ನೋಡುತ್ತಿದ್ದಳು. ಅಮ್ಮನ ಕೈ ಅರಿಶಿನ ಕುಂಕುಮದ ಹತ್ತಿರ ಹೋಗಿ ಹಾಗೇ ನಿಂತುಬಿಟ್ಟಿತು. ಚಿತ್ರ ಅಲುಗಾಡಲಿಲ್ಲ, ಮಾತು ಮಾತ್ರ ತುಂಡುತುಂಡಾಗಿ ಬರುತ್ತಿತ್ತು. ಹೆಂಡತಿ ಫೋನ್ ಹಿಡಿದುಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಗೆ ಹೋಗುವಷ್ಟರಲ್ಲಿ ಪೂಜೆ ಮುಗಿದಿತ್ತು. ಆವತ್ತು ಅವಳ ಮುಖ ನೋಡಿದವನು ಈ ಕೆಲಸವನ್ನು ಸರಿಯಾಗಿ ಮಾಡಲೇಬೇಕು ಅಂತ ಕೂತೆ.

ಬಚ್ಚಲಿನ ಟೈಲ್ಸ್, ಅದರೊಳಗಿನ ನೀರಿನ ಪೈಪು, ಕಾಂಕ್ರೀಟ್ ಗೋಡೆಯ ಕಬ್ಬಿಣ, ಇವೆಲ್ಲ ವೈಫೈಯನ್ನು ತಿಂದುಹಾಕುತ್ತವೆ. ವೈಫೈ ಎರಡು ತರಂಗಗಳಲ್ಲಿ ಬರುತ್ತದೆ. 5 ಗಿಗಾಹರ್ಟ್ಸ್‌ನದಕ್ಕೆ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ಅಪಾರ್ಟ್‌ಮೆಂಟಲ್ಲಿ ಅಕ್ಕಪಕ್ಕದವರೆಲ್ಲ ಅದರಲ್ಲೇ ಇರುತ್ತಾರೆ. ನಾನು ಮೊದಲು ರಿಪೀಟರ್, ಅಂದರೆ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಹಂಚುವ ಪೆಟ್ಟಿಗೆ ತಂದು ನೆಟ್ ಸಿಗದ ಕೋಣೆಯಲ್ಲೇ ಇಟ್ಟೆ. ಅದು ತಪ್ಪು. ತನಗೇ ಸಿಗದ ಸಿಗ್ನಲ್ಲನ್ನು ಅದು ಹೇಗೆ ಹಂಚುತ್ತದೆ ಹೇಳಿ? ನಡುದಾರಿಯಲ್ಲಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಜಾಗದಲ್ಲಿ ಇಡಬೇಕು.

ಕೊನೆಗೆ ಕೆಲಸಕ್ಕೆ ಬಂದಿದ್ದು ಕೇಬಲ್. ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್ ಚಪ್ಪಟೆಯದೂ ಸಿಗುತ್ತದೆ, ರಟ್ಟಿನಷ್ಟು ತೆಳ್ಳಗಿರುತ್ತದೆ. ಅದನ್ನು ಹಾಲ್‌ನಿಂದ ಗೋಡೆಯ ಬುಡದ ಮರದ ಪಟ್ಟಿಯ ಗುಂಟ ಒತ್ತುತ್ತಾ ಹೋದೆ. ಬಾಗಿಲು ಬಂದಲ್ಲಿ ಚೌಕಟ್ಟಿನ ಮೇಲಿಂದ ಸುತ್ತಿಸಿದೆ, ಹೊಸ್ತಿಲ ಮೇಲೆ ಹಾಯಿಸಿದರೆ ಬಾಗಿಲು ತಗುಲಿ ತುಂಡಾಗುತ್ತದೆ. ಬಿಳಿ ಗೋಡೆಗೆ ಬಿಳಿ ಕೇಬಲ್, ಈಗ ಹುಡುಕಿದರೂ ಕಾಣುವುದಿಲ್ಲ. ಗೋಡೆಗೆ ಒಂದೂ ತೂತು ಬೀಳಲಿಲ್ಲ, ಮನೆ ಬಿಡುವಾಗ ಮಾಲೀಕರು ಕೇಳುವ ಮಾತೇ ಇಲ್ಲ. ಆ ತುದಿಗೆ ಎರಡನೇ ವೈಫೈ ಪಾಯಿಂಟ್ ಇಟ್ಟ ಮೇಲೆ ಅಮ್ಮನ ವಿಡಿಯೋ ಒಮ್ಮೆಯೂ ನಿಂತಿಲ್ಲ. ಮನೆಯಿಂದ ಕೆಲಸ ಮಾಡುವ ಲ್ಯಾಪ್‌ಟಾಪ್‌ಗೂ ಟಿವಿಗೂ ಕೇಬಲ್ಲೇ ಹಾಕಿ. ಕದಲದೆ ಒಂದೇ ಕಡೆ ಇರುವ ವಸ್ತುವಿಗೆ ವೈಫೈ ಯಾಕೆ ಬೇಕು, ಅಲ್ವಾ?

ವೇಗ ಕಡಿಮೆ ಅನ್ನಿಸಿದರೆ ವೈಫೈಯಲ್ಲಿ ಅಳೆದು ಜಗಳಕ್ಕೆ ಹೋಗಬೇಡಿ. ಇಲ್ಲಿಯ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಬುಂಡೆಸ್‌ನೆಟ್ಸ್‌ಅಗೆಂಟೂರ್ ಅಳೆಯಲು ಒಂದು ಪ್ರೋಗ್ರಾಂ ಕೊಡುತ್ತದೆ. ಕೇಬಲ್ ಹಾಕಿ, ಮೂರು ಬೇರೆ ಬೇರೆ ದಿನ, ಒಟ್ಟು 30 ಸಲ ಅಳೆಯಬೇಕು. ಮಾತು ಕೊಟ್ಟ ವೇಗ ಬರುತ್ತಿಲ್ಲ ಅಂತ ಅದರಲ್ಲಿ ಸಾಬೀತಾದರೆ ಬಿಲ್ ಕಡಿಮೆ ಮಾಡಿ ಅಂತ ಕೇಳುವ ಹಕ್ಕು ನಿಮಗಿದೆ.

ಮನೆಗೆ ಬಂದವರು ಪಾಸ್‌ವರ್ಡ್ ಕೇಳುತ್ತಾರೆ. ಅವರಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿಕೊಡಿ. ಸ್ಮಾರ್ಟ್ ಬಲ್ಬು, ಕ್ಯಾಮೆರಾ ಇಂಥವನ್ನೂ ಅದಕ್ಕೇ ಹಾಕಿ, ನಿಮ್ಮ ಲ್ಯಾಪ್‌ಟಾಪ್ ಕಡೆ ಅವು ಬರುವುದಿಲ್ಲ. ಮಗು ದೊಡ್ಡದಾದಂತೆ ಟ್ಯಾಬ್‌ಗೆ ಸಮಯ ಮಿತಿ ಹಾಕುವುದೂ ರೌಟರಲ್ಲೇ ಇದೆ. ಎಲ್ಲ ಸರಿಹೋದ ದಿನ ಸೆಟ್ಟಿಂಗ್ಸ್‌ನ ಒಂದು ಪ್ರತಿ ಇಳಿಸಿಟ್ಟುಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಹುಷಾರಾಗಿರಿ. ಟೊರೆಂಟ್‌ನಲ್ಲಿ, ಅಂದರೆ ಜನ ಒಬ್ಬರಿಂದೊಬ್ಬರು ಫೈಲ್ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ, ಸಿನಿಮಾ ಇಳಿಸಬೇಡಿ, ಬಂದವರಿಗೂ ಬಿಡಬೇಡಿ. ಇಳಿಯುತ್ತಿರುವಾಗಲೇ ಅದು ನಿಮ್ಮ ಮನೆಯಿಂದ ಬೇರೆಯವರಿಗೂ ಹಂಚುತ್ತಿರುತ್ತದೆ, ಸಿನಿಮಾದ ಹಕ್ಕುದಾರರ ಪರ ಇಲ್ಲಿಯ ವಕೀಲರು ಹಿಡಿಯುವುದು ಅದನ್ನೇ. ಪತ್ರ ಬರುವುದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರಿಗೆ. ನೂರಾರು ಯೂರೋ ಕೇಳುತ್ತಾರೆ, ಉತ್ತರಿಸಲು ಕೆಲವೇ ದಿನ ಕೊಡುತ್ತಾರೆ. ಹೊಸದಾಗಿ ಬಂದ ಹುಡುಗರು ಆ ಪತ್ರ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದಾರೆ, ಅವರ ಭಯ ನೋಡಲಾಗುವುದಿಲ್ಲ.

ಲೈನ್ ಬರುವ ತನಕ ಮೊಬೈಲ್ ಹಾಟ್‌ಸ್ಪಾಟಲ್ಲೇ ನಡೆಸಿ, ಜಾಸ್ತಿ ಡೇಟಾದ ಪ್ರೀಪೇಯ್ಡ್ ಸಿಮ್ ತಗೊಳ್ಳಿ. ಟೆಕ್ನಿಷಿಯನ್ ತಾರೀಖು ಗೊತ್ತಾದ ಕೂಡಲೇ ತಿಳಿಸಿ. ಅದರ ಮುಂದಿನ ಶನಿವಾರ ನಾನು ಬರುತ್ತೇನೆ. ಚಪ್ಪಟೆ ಕೇಬಲ್ 20 ಮೀಟರ್ ನನ್ನ ಹತ್ತಿರ ಉಳಿದಿದೆ, ನೀವು ಕೊಳ್ಳಬೇಡಿ. ಸಾಕೆಟ್‌ನಿಂದ ಮಗುವಿನ ಕೋಣೆಯವರೆಗೆ ಎಷ್ಟು ದೂರ ಅಂತ ಮಾತ್ರ ಅಳೆದಿಡಿ, ಬಾಗಿಲ ಚೌಕಟ್ಟಿನ ಸುತ್ತನ್ನೂ ಸೇರಿಸಿ.