ಲೈಕು ಸಾವಿರ, ಗಿರಾಕಿ ಇಬ್ಬರು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಆನ್‌ಲೈನ್ ಜಾಹೀರಾತಿಗೆ ಸುರಿದ ದುಡ್ಡಿನ ಅಳಲು. ಗೂಗಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎಲ್ಲವನ್ನೂ ಒಂದೇ ಗಂಟು ಕಟ್ಟಿ ‘ಡಿಜಿಟಲ್’ ಅಂದುಬಿಡುತ್ತೇವೆ. ಗೂಗಲ್‌ಗೆ ಬರುವವರಿಗೆ ಆಗಲೇ ಏನೋ ಬೇಕಾಗಿರುತ್ತದೆ, ಹುಡುಕುತ್ತಿರುತ್ತಾರೆ. ಇನ್‌ಸ್ಟಾಗ್ರಾಮ್‌ನಲ್ಲಿ ಇರುವವರು ಊಟ ಮುಗಿಸಿ ಸುಮ್ನೆ ಬೆರಳಾಡಿಸುತ್ತಿರುತ್ತಾರೆ. ಇಬ್ಬರ ಹತ್ತಿರವೂ ಒಂದೇ ಮಾತು ಆಡಿದರೆ ವ್ಯಾಪಾರ ಹೇಗೆ ಆದೀತು? ನಾನು ಹುಬ್ಬಳ್ಳಿಯ ಬಟ್ಟೆ ಅಂಗಡಿಯೊಂದರ ಗಲ್ಲಾದಲ್ಲಿ ಕೂತು ವ್ಯಾಪಾರ ಕಲಿತವಳು. ಜಾಹೀರಾತಿನ ಕೆಲಸಕ್ಕೆ ಬಂದದ್ದು ಆಮೇಲೆ. ಹಾಗಾಗಿ ನನ್ನ ಉತ್ತರಗಳಲ್ಲಿ ಗಲ್ಲಾದ ಲೆಕ್ಕವೇ ಮೊದಲು ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಅಕ್ಕಾರೆ, ನಮ್ಮದು ಇಳಕಲ್ಲಿನಲ್ಲಿ ಕೈಮಗ್ಗದ ಸೀರೆ ವ್ಯಾಪಾರ. ಮಗ ಇನ್‌ಸ್ಟಾಗ್ರಾಮ್ ಪೇಜ್ ಮಾಡಿ, ಫೋಟೋಗಳನ್ನು ಬೂಸ್ಟ್ ಮಾಡಿದ, ಅಂದರೆ ದುಡ್ಡು ಕಟ್ಟಿ ಹೆಚ್ಚು ಜನರಿಗೆ ಕಾಣುವ ಹಾಗೆ ಮಾಡಿದ. 6,000 ರೂಪಾಯಿ ಹೋಯಿತು. ಲೈಕ್ ಸಾವಿರದ ಮೇಲೆ ಬಂದಿವೆ, ಮಾರಿದ್ದು ಎರಡೇ ಸೀರೆ. ಇದನ್ನು ಮುಂದುವರಿಸಬೇಕೋ ಬಿಡಬೇಕೋ?
– ಸೀರೆ ವ್ಯಾಪಾರಿ, ಇಳಕಲ್

ಮೊದಲು ಲೆಕ್ಕ. 6,000ದ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ 7,080. ನಿಮಗೆ ಜಿಎಸ್‌ಟಿ ನಂಬರ್ ಇದ್ದು, ಅದನ್ನು ಜಾಹೀರಾತು ಖಾತೆಯಲ್ಲಿ ನಮೂದಿಸಿದ್ದರೆ ಆ 1,080ಕ್ಕೆ ಇನ್‌ಪುಟ್ ಕ್ರೆಡಿಟ್ ಕೇಳಬಹುದು, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟನ್ನು ವಜಾ ಮಾಡಿಕೊಳ್ಳಬಹುದು. ಇಲ್ಲದಿದ್ದರೆ ಅದೂ ಖರ್ಚೇ. ಒಂದು ಸೀರೆಗೆ ನಿಮಗೆ 600 ಉಳಿಯುತ್ತದೆ ಅಂದುಕೊಳ್ಳಿ. ಹಾಕಿದ ದುಡ್ಡು ವಾಪಸ್ ಬರಬೇಕಾದರೇ ಹನ್ನೆರಡು ಸೀರೆ ಹೋಗಬೇಕು. ಲಾಭದ ಮಾತು ಹದಿಮೂರನೇ ಸೀರೆಯಿಂದ. ಬೂಸ್ಟ್ ಬಟನ್ ಒತ್ತುವ ಮೊದಲು ಮಗನ ಕೈಲಿ ಈ ಲೆಕ್ಕ ಬರೆಸಿ.

ಲೈಕ್ ಬಂದು ಸೀರೆ ಹೋಗದಿರಲು ಒಂದು ಕಾರಣ ಆ ಬಟನ್‌ನ ಒಳಗೇ ಇರಬಹುದು. ಬೂಸ್ಟ್ ಮಾಡುವಾಗ ನಿಮ್ಮ ಗುರಿ ಏನು ಅಂತ ಅದು ಕೇಳುತ್ತದೆ. ಜನ ಪ್ರೊಫೈಲ್ ನೋಡಬೇಕಾ, ವೆಬ್‌ಸೈಟ್‌ಗೆ ಹೋಗಬೇಕಾ, ಮೆಸೇಜ್ ಮಾಡಬೇಕಾ? ಪ್ರೊಫೈಲ್ ಅಂತ ಒತ್ತಿದರೆ ಪ್ರೊಫೈಲ್ ನೋಡುವ ಚಾಳಿಯವರನ್ನೇ ಹುಡುಕಿ ತೋರಿಸುತ್ತದೆ. ಅದು ಹೇಳಿದ ಕೆಲಸ ಮಾಡಿದೆ, ಅದರ ತಪ್ಪಿಲ್ಲ. ಮುಂದಿನ ಸಲ ಮೆಸೇಜ್ ಆಯ್ಕೆ ಮಾಡಿ, ಅದು ನೇರ ನಿಮ್ಮ ವಾಟ್ಸ್‌ಆ್ಯಪ್‌ಗೆ ಬರುವ ಹಾಗೆ ಜೋಡಿಸಿ.

ಇನ್ನು ಯಾರಿಗೆ ತೋರಿಸಬೇಕು? ‘ಇಡೀ ಭಾರತ, ಹೆಂಗಸರು, 18ರಿಂದ 65’ ಅಂತ ಬಿಟ್ಟರೆ ನಿಮ್ಮ ದುಡ್ಡು ಊರೂರು ತಿರುಗುತ್ತದೆ. ಇಳಕಲ್ ಸೀರೆಯ ಬೆಲೆ ಗೊತ್ತಿರುವವರು ಎಲ್ಲಿದ್ದಾರೆ ಯೋಚಿಸಿ. ಬೆಂಗಳೂರಿನಲ್ಲಿ ನೆಲೆಸಿದ ಉತ್ತರ ಕರ್ನಾಟಕದವರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಜೊತೆಗೆ ಸೊಲ್ಲಾಪುರ, ಪುಣೆ ಕಡೆಯವರು. ಮರಾಠಿ ಮನೆಗಳಲ್ಲಿ ಇದನ್ನು ‘ಇರ್ಕಲ್’ ಅಂತಾರೆ, ಹುಡುಕುವಾಗಲೂ ಹಾಗೇ ಬರೆಯುತ್ತಾರೆ. ನಿಮ್ಮ ಪೋಸ್ಟ್‌ನಲ್ಲಿ ಎರಡೂ ಹೆಸರು ಇರಲಿ.

ಪೋಸ್ಟ್‌ನಲ್ಲಿ ಏನಿರಬೇಕು ಅನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ. ಮಡಚಿಟ್ಟ ಸೀರೆಯ ಫೋಟೋ ಪವರ್‌ಲೂಮ್‌ನವರೂ ಹಾಕುತ್ತಾರೆ, ಫೋನಿನಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ನಿಮ್ಮಲ್ಲಿ ಇರುವುದನ್ನು ತೋರಿಸಿ. ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಆ ಕೆಲಸ ನಡೆಯುವಾಗ ಇಪ್ಪತ್ತು ಸೆಕೆಂಡ್ ವಿಡಿಯೋ ಹಿಡಿಯಿರಿ. ಹಾಡು ಬೇಡ, ಮಗ್ಗದ ಸದ್ದೇ ಇರಲಿ. ತೋಪು ತೆನಿ ಸೆರಗನ್ನು ಹತ್ತಿರದಿಂದ ತೋರಿಸಿ, ದಡಿ ಚಿಕ್ಕಿಯೋ ಗೋಮಿಯೋ ಹೇಳಿ. ಆರು ಗಜವೋ ಒಂಬತ್ತು ಗಜವೋ, ಒಡಲು ಹತ್ತಿಯೋ ರೇಷ್ಮೆಯೋ ಬರೆಯಿರಿ. ಬೆಲೆಯನ್ನೂ ಬರೆಯಿರಿ! ‘ಬೆಲೆಗೆ ಮೆಸೇಜ್ ಮಾಡಿ’ ಅಂದರೆ ಗಿರಾಕಿಗೆ ಕಾಣುವುದು ಮುಚ್ಚುಮರೆ. ಗಲ್ಲಾದಲ್ಲಿ ಕೂತಾಗಲೂ ಬೆಲೆ ಚೀಟಿ ಇಲ್ಲದ ಸೀರೆಯನ್ನು ಜನ ಮುಟ್ಟಿ ಬಿಟ್ಟುಬಿಡುತ್ತಿದ್ದರು.

ಮೆಸೇಜ್ ಬಂದಮೇಲೆ ಉತ್ತರಿಸಲು ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ, ಆ್ಯಪ್‌ಗೆ ದುಡ್ಡಿಲ್ಲ. ಕ್ಯಾಟಲಾಗ್‌ನಲ್ಲಿ ಸೀರೆಗಳನ್ನು ಬೆಲೆ ಸಮೇತ ಇಡಬಹುದು. ಕೊಂಡವರಿಗೆಲ್ಲ ನಿಮ್ಮ ನಂಬರ್ ಸೇವ್ ಮಾಡಿಕೊಳ್ಳಲು ಹೇಳಿ, ಯಾಕಂದರೆ ಬ್ರಾಡ್‌ಕಾಸ್ಟ್ ಮೆಸೇಜ್ (ಒಂದೇ ಸಲ ಹಲವರಿಗೆ ಕಳಿಸುವುದು) ತಲುಪುವುದು ಸೇವ್ ಮಾಡಿಕೊಂಡವರಿಗೆ ಮಾತ್ರ. ಒಮ್ಮೆ ಕೊಂಡವರು ಪಂಚಮಿಗೋ ದೀಪಾವಳಿಗೋ ಮತ್ತೆ ಕೊಳ್ಳುವುದು ಹೊಸಬರನ್ನು ಹಿಡಿಯುವುದಕ್ಕಿಂತ ಸಲೀಸು.

ಹಾಗಾದರೆ ಮುಂದುವರಿಸಿ. ಆದರೆ 1,500 ರೂಪಾಯಿಯಿಂದ, ಮೇಲಿನದ್ದೆಲ್ಲ ಬದಲಿಸಿದ ಮೇಲೆ. ಫೋನ್ ಮಾಡಿದ ಪ್ರತಿಯೊಬ್ಬರಿಗೂ ‘ನಮ್ಮ ಬಗ್ಗೆ ಎಲ್ಲಿ ನೋಡಿದ್ರಿ?’ ಅಂತ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳಿ.

ಮೇಡಂ, ಸಕಲೇಶಪುರದ ಹತ್ತಿರ ನಮ್ಮ ತೋಟದಲ್ಲೇ ಹೋಂಸ್ಟೇ ಇದೆ. ಗೂಗಲ್ ಜಾಹೀರಾತಿಗೆ ದಿನಕ್ಕೆ 500 ಅಂತ ಇಟ್ಟಿದ್ದೆವು. ಒಂದು ದಿನ 900ಕ್ಕೂ ಮೇಲೆ ಕಟ್ ಆಯಿತು! ಕ್ಲಿಕ್ ತುಂಬಾ ಬರುತ್ತವೆ, ಬುಕಿಂಗ್ ಇಲ್ಲ. ಮೋಸ ಏನಾದರೂ ನಡೆಯುತ್ತಿದೆಯೇ?
– ಹೋಂಸ್ಟೇ ಮಾಲೀಕರು, ಹಾಸನ ಜಿಲ್ಲೆ

ಮೋಸ ಅಲ್ಲ ಸರ್, ನಿಯಮವೇ ಹಾಗಿದೆ. ಜನ ಜಾಸ್ತಿ ಹುಡುಕಿದ ದಿನ ದಿನದ ಬಜೆಟ್‌ನ ಎರಡು ಪಟ್ಟಿನವರೆಗೆ ಗೂಗಲ್ ಖರ್ಚು ಮಾಡಬಹುದು. ತಿಂಗಳ ಲೆಕ್ಕದಲ್ಲಿ ಮಾತ್ರ 500ರ 30.4 ಪಟ್ಟು, ಅಂದರೆ 15,200 ದಾಟಿಸುವುದಿಲ್ಲ. ದಿನದ ಬಜೆಟ್ ಇಟ್ಟುಕೊಳ್ಳುವಾಗ ತಿಂಗಳಿಗೆ ಎಷ್ಟು ಕಳೆದುಕೊಳ್ಳಲು ಸಿದ್ಧ ಅಂತ ಯೋಚಿಸಿ, ಅದನ್ನು 30.4ರಿಂದ ಭಾಗಿಸಿ.

ಕ್ಲಿಕ್ ವಿಷಯಕ್ಕೆ ಬರೋಣ. ನಿಮ್ಮ ಖಾತೆಯಲ್ಲಿ ‘ಸರ್ಚ್ ಟರ್ಮ್ಸ್’ ಅನ್ನುವ ಪಟ್ಟಿ ಇದೆ. ನೀವು ಕೊಟ್ಟ ಕೀವರ್ಡ್ (ಯಾವ ಪದ ಹುಡುಕಿದವರಿಗೆ ಜಾಹೀರಾತು ಕಾಣಬೇಕು ಅನ್ನುವುದು) ಬೇರೆ, ಜನ ನಿಜವಾಗಿ ಟೈಪ್ ಮಾಡಿದ್ದು ಬೇರೆ. ಎರಡನೆಯದು ಈ ಪಟ್ಟಿಯಲ್ಲಿ ಸಿಗುತ್ತದೆ. ಇಂಥ ಖಾತೆಗಳಲ್ಲಿ ನಾನು ನೋಡಿದ್ದು: ಹೋಂಸ್ಟೇ ಕೆಲಸ ಖಾಲಿ ಇದೆಯಾ, ಹೋಂಸ್ಟೇ ಲೈಸೆನ್ಸ್ ಹೇಗೆ ಮಾಡಿಸುವುದು, ಕಾಫಿ ತೋಟ ಮಾರಾಟಕ್ಕಿದೆಯಾ, ಕೊಡಗಿನ ರೆಸಾರ್ಟ್ ರೇಟು. ಇವರೆಲ್ಲರ ಕ್ಲಿಕ್‌ಗೂ ದುಡ್ಡು ಕೊಡುವವರು ನೀವೇ. ‘ಬ್ರಾಡ್ ಮ್ಯಾಚ್’ ಇಟ್ಟರೆ, ಅಂದರೆ ಸುತ್ತಮುತ್ತಲ ಅರ್ಥದ ಹುಡುಕಾಟಕ್ಕೂ ತೋರಿಸು ಅಂತ ಬಿಟ್ಟರೆ, ಹೀಗಾಗುತ್ತದೆ. ‘ಸಕಲೇಶಪುರ ಹೋಂಸ್ಟೇ’ ಎಂಬುದನ್ನು ಜೋಡಿ ಉದ್ಧರಣ ಚಿಹ್ನೆಯ (" ") ಒಳಗೆ ಹಾಕಿ, ಅದು ‘ಫ್ರೇಸ್ ಮ್ಯಾಚ್’ ಆಗುತ್ತದೆ, ಹುಡುಕಾಟ ಬಿಗಿಯಾಗುತ್ತದೆ. ಜೊತೆಗೆ ಕೆಲಸ, ಲೈಸೆನ್ಸ್, ಮಾರಾಟ, ಕೊಡಗು ಈ ಥರದ ಪದಗಳನ್ನು ‘ನೆಗೆಟಿವ್ ಕೀವರ್ಡ್’ ಪಟ್ಟಿಗೆ ಸೇರಿಸಿ, ಆ ಪದ ಇರುವ ಹುಡುಕಾಟಕ್ಕೆ ನಿಮ್ಮ ಜಾಹೀರಾತು ಕಾಣುವುದಿಲ್ಲ. ಜನ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಹಾಗೆ, ಕನ್ನಡದಲ್ಲಿ ಬರೆಯುವ ಹಾಗೆ, ಎರಡೂ ಹಾಕಬೇಕು. ಮೊದಲ ತಿಂಗಳು ವಾರಕ್ಕೊಮ್ಮೆ ಈ ಪಟ್ಟಿ ನೋಡಿ. ಅಂಗಳ ಗುಡಿಸಿದ ಹಾಗೆ, ಒಂದು ದಿನ ಮಾಡಿ ಬಿಡುವ ಕೆಲಸ ಅಲ್ಲ.

ಸ್ಥಳ ಯಾವುದು ಇಟ್ಟಿದ್ದೀರಿ? ಸಕಲೇಶಪುರದಲ್ಲೇ ಇರುವವರು ನಿಮ್ಮಲ್ಲಿ ಬಂದು ಮಲಗುವುದಿಲ್ಲ. ಬೆಂಗಳೂರು, ಮೈಸೂರು, ಮಂಗಳೂರು ಇಡಿ. ಅಲ್ಲೊಂದು ಸೂಕ್ಷ್ಮ ಇದೆ. ಆ ಊರಿನಲ್ಲಿ ‘ಇರುವವರಿಗೆ’ ಮಾತ್ರವೋ, ಅದರ ಬಗ್ಗೆ ‘ಆಸಕ್ತಿ ಇರುವವರಿಗೂ’ ತೋರಿಸಬೇಕೋ ಅಂತ ಸೆಟ್ಟಿಂಗ್ ಇರುತ್ತದೆ. ತಾನಾಗಿ ಇರುವುದು ಎರಡೂ ಸೇರಿದ ಆಯ್ಕೆ. ಇರುವವರಿಗೆ ಮಾತ್ರ ಅಂತ ಬದಲಿಸಿ. ಹಾಗೇ ಕ್ಯಾಂಪೇನ್ ಮಾಡುವಾಗ ‘ಡಿಸ್‌ಪ್ಲೇ ನೆಟ್‌ವರ್ಕ್’ (ಬೇರೆ ವೆಬ್‌ಸೈಟ್, ಆ್ಯಪ್‌ಗಳಲ್ಲಿ ಜಾಹೀರಾತು ತೋರಿಸುವ ಜಾಲ) ಮುಂದೆ ಟಿಕ್ ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಯಾವುದೋ ಆಟದ ಆ್ಯಪ್ ಒಳಗೆ ಮಗುವೊಂದು ನಿಮ್ಮ ಜಾಹೀರಾತು ಒತ್ತಿರುತ್ತದೆ.

ಮೂರು ಊರಿಗೂ ಬೇರೆ ಬೇರೆ ಕ್ಯಾಂಪೇನ್ ಮಾಡಿದರೆ ಇನ್ನೊಂದು ಅನುಕೂಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜಾರಿ ರಸ್ತೆ ಬಂದ್ ಆದರೆ ಮಂಗಳೂರಿನವರು ಬರುವುದಿಲ್ಲ, ಆದರೆ ಅವರು ಕ್ಲಿಕ್ ಮಾಡಿದರೆ ನಿಮ್ಮ ದುಡ್ಡು ಹೋಗುತ್ತಲೇ ಇರುತ್ತದೆ. ಆ ವಾರ ಮಂಗಳೂರಿನ ಜಾಹೀರಾತು ನಿಲ್ಲಿಸಿ, ಬೆಂಗಳೂರಿನದ್ದು ಓಡಲಿ. ಬೆಂಗಳೂರಿನವರಿಗೆ ನಿಮ್ಮ ಊರು ಘಾಟಿಗಿಂತ ಮೊದಲೇ ಸಿಗುತ್ತದಲ್ಲ.

ಗೂಗಲ್‌ನಲ್ಲಿ ಮೇಲೆ ಕಾಣಲು ಜಾಸ್ತಿ ದುಡ್ಡು ಕೂಗಿದರೆ ಸಾಕು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ಹರಾಜೇ, ಒಪ್ಪಿದೆ. ಆದರೆ ಜಾಹೀರಾತಿನ ಮಾತು ಹುಡುಕಾಟಕ್ಕೆ ಹೊಂದುತ್ತದಾ, ಒತ್ತಿದ ಮೇಲೆ ತೆರೆಯುವ ಪುಟ ಉಪಯೋಗಕ್ಕೆ ಬರುತ್ತದಾ ಅನ್ನುವುದನ್ನೂ ತೂಗುತ್ತಾರೆ. ನಿಮ್ಮ ಪುಟ ನೋಡಿದೆ. ಮಂಜಿನ ಫೋಟೋ ಹನ್ನೊಂದು, ಬಾತ್‌ರೂಮ್ ಫೋಟೋ ಒಂದೂ ಇಲ್ಲ. ಮಂಜು ಎಲ್ಲ ಹೋಂಸ್ಟೇಯಲ್ಲೂ ಒಂದೇ ಥರ. ಮಕ್ಕಳನ್ನು ಕರೆದುಕೊಂಡು ಬರುವ ತಾಯಿ ಬಾತ್‌ರೂಮ್, ಬಿಸಿನೀರು, ಕಾರು ಕೊನೆಯವರೆಗೆ ಬರುತ್ತದಾ ಇಲ್ಲಾ ಜೀಪ್ ಬೇಕಾ, ಊಟ ಸೇರಿ ತಲೆಗೆ ಎಷ್ಟು ಅಂತ ನೋಡುತ್ತಾಳೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದ್ದರೆ ಅದನ್ನೂ ಕಾಣುವಂತೆ ಹಾಕಿ.

ಕೊನೆಗೆ ಫೋನು. ತೋಟದಲ್ಲಿ ಸಿಗ್ನಲ್ ಇಲ್ಲದ ಹೊತ್ತಿನಲ್ಲಿ ಜಾಹೀರಾತು ಯಾಕೆ ಓಡಬೇಕು? ನೀವು ಫೋನ್ ಎತ್ತುವ ಹೊತ್ತಿಗೆ ಮಾತ್ರ ಓಡುವಂತೆ ವೇಳಾಪಟ್ಟಿ ಹಾಕಬಹುದು. ನಾನು ಕಂಡ ಮಟ್ಟಿಗೆ ವಾರಾಂತ್ಯದ ವಿಚಾರಣೆ ಬುಧವಾರ, ಗುರುವಾರ ಸಂಜೆ ಜಾಸ್ತಿ.

ತುಮಕೂರಿನಲ್ಲಿ ಬೋರ್‌ವೆಲ್ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಅಳಿಯ ರೀಲ್ಸ್ ಮಾಡು ಅಂತ ಪೀಡಿಸುತ್ತಿದ್ದಾನೆ. ಮಾಡಲೇಬೇಕಾ?

ಬೇಡ. ಮೋಟರ್ ಸುಟ್ಟುಹೋದ ರೈತ ರೀಲ್ಸ್ ನೋಡುತ್ತಾ ಕೂರುವುದಿಲ್ಲ, ಹತ್ತಿರ ಯಾರಿದ್ದಾರೆ ಅಂತ ಹುಡುಕುತ್ತಾನೆ. ಗೂಗಲ್ ಹುಡುಕಾಟದಲ್ಲಿ, ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಸಿ, ಉಚಿತ. ವೆರಿಫಿಕೇಶನ್‌ಗೆ ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ. ಬೀದಿ, ಬೋರ್ಡು, ಒಳಗಿನ ವೈಂಡಿಂಗ್ ಮಷೀನು ಮೂರೂ ಒಂದೇ ವಿಡಿಯೋದಲ್ಲಿ ಬರಲಿ. ತೆರೆಯುವ ಹೊತ್ತು, ಫೋನ್ ನಂಬರ್ ಸರಿಯಾಗಿರಲಿ. ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿರುವ ಹೆಸರಷ್ಟೇ ಹಾಕಿ. ‘ತುಮಕೂರಿನ ನಂ. 1 ಮೋಟರ್ ರಿಪೇರಿ’ ಅಂತ ಬಾಲ ಸೇರಿಸುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಅಮಾನತಾಗಬಹುದು. ಅಳಿಯನಿಗೆ ಅಷ್ಟು ಹುಮ್ಮಸ್ಸು ಇದ್ದರೆ ಈ ಕೆಲಸ ಅವನಿಗೇ ವಹಿಸಿ.

‘ಗೂಗಲ್‌ನಿಂದ ಮಾತಾಡ್ತಿದೀವಿ, 4,999 ಕಟ್ಟದಿದ್ದರೆ ಮ್ಯಾಪ್‌ನಿಂದ ನಿಮ್ಮ ಅಂಗಡಿ ತೆಗೀತೀವಿ’ ಅಂತ ಫೋನ್ ಬಂತು. ಕಟ್ಟಬೇಕೇ?
– ಸ್ಟೇಷನರಿ ಅಂಗಡಿ, ಶಿವಮೊಗ್ಗ

ಕಟ್ಟಬೇಡಿ. ಮ್ಯಾಪ್‌ನಲ್ಲಿ ಇರುವುದಕ್ಕೆ ಗೂಗಲ್ ದುಡ್ಡು ಕೇಳುವುದಿಲ್ಲ, ಜಾಹೀರಾತು ಬಿಟ್ಟರೆ ಅಲ್ಲಿ ಮೇಲೆ ಬರಲು ದುಡ್ಡು ಕಟ್ಟುವ ದಾರಿಯೂ ಇಲ್ಲ. ಒಟಿಪಿ ಕೇಳಿದರೆ ಅದನ್ನೂ ಕೊಡಬೇಡಿ.

ದಾವಣಗೆರೆಯಲ್ಲಿ ನಮ್ಮದು ಬೆಣ್ಣೆ ದೋಸೆ ಹೋಟೆಲು. ಒಬ್ಬ ಫುಡ್ ವ್ಲಾಗರ್ ವಿಡಿಯೋ ಮಾಡಲು 15,000 ಕೇಳುತ್ತಿದ್ದಾರೆ. ಇನ್ನೊಬ್ಬರು 3,000ಕ್ಕೆ 50 ಫೈವ್ ಸ್ಟಾರ್ ರಿವ್ಯೂ ಹಾಕಿಸುತ್ತೇನೆ ಅನ್ನುತ್ತಾರೆ. ಯಾವುದು ಒಳ್ಳೆಯದು?

ಎರಡನೆಯವರನ್ನು ಹತ್ತಿರ ಸೇರಿಸಬೇಡಿ. ಕೊಂಡ ರಿವ್ಯೂ ಗೂಗಲ್ ನಿಯಮಕ್ಕೆ ವಿರುದ್ಧ. ರಿವ್ಯೂ ಬರೆದರೆ ಕಾಫಿ ಫ್ರೀ ಅನ್ನುವುದೂ ಅಷ್ಟೇ. ಏನೂ ಕೊಡದೆ, ರಿವ್ಯೂ ಬರೆಯಿರಿ ಅಂತ ಕೇಳಲು ಅಡ್ಡಿಯಿಲ್ಲ, ಬಿಲ್ ಕೌಂಟರ್‌ನಲ್ಲಿ ಕ್ಯೂಆರ್ ಇಡಿ. ಕೆಟ್ಟ ರಿವ್ಯೂ ಬಂದರೆ ಜಗಳಕ್ಕೆ ಇಳಿಯದೆ ಎರಡು ಸಾಲು ಉತ್ತರ ಬರೆಯಿರಿ, ಅದನ್ನು ಓದುವವರು ನಾಳೆಯ ಗಿರಾಕಿಗಳು.

ವ್ಲಾಗರ್ ವಿಷಯದಲ್ಲಿ ಒಂದು ಪ್ರಶ್ನೆ ಕೇಳಿ: ‘ನಿಮ್ಮ ನೋಡುಗರು ಯಾವ ಊರಿನವರು? ತೋರಿಸಿ.’ ಅವರ ಇನ್‌ಸೈಟ್ಸ್‌ನಲ್ಲಿ ಊರುಗಳ ಪಟ್ಟಿ ಇರುತ್ತದೆ. ಬಹುಪಾಲು ಬೆಂಗಳೂರು ಇದ್ದರೆ, ಅಲ್ಲಿಂದ ನಿಮ್ಮ ಹೋಟೆಲಿಗೆ ದಿನವೂ ದೋಸೆ ತಿನ್ನಲು ಬರುವವರು ಎಷ್ಟು ಜನ? ದಾವಣಗೆರೆ, ಹರಿಹರ, ಚಿತ್ರದುರ್ಗದವರು ಕಂಡರೆ ಯೋಚಿಸಬಹುದು, ಚೌಕಾಸಿಯನ್ನೂ ಮಾಡಬಹುದು. ದುಡ್ಡು ಕೊಟ್ಟರೂ ಸರಿ, ಬರೀ ದೋಸೆ ಕೊಟ್ಟರೂ ಸರಿ, ಇದು ಜಾಹೀರಾತು ಅಂತ ವಿಡಿಯೋದಲ್ಲಿ ಹೇಳಲೇಬೇಕು. 2023ರಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆ ಹೊರಡಿಸಿದ ಮಾರ್ಗಸೂಚಿಯಲ್ಲೂ ಇದು ಇದೆ. ವಿಡಿಯೋ ಬಂದ ಮೊದಲ ಭಾನುವಾರ ಎಷ್ಟು ಜನ ಬಂದರೂ ಕಾವಲಿ ಅಷ್ಟೇ ಇರುತ್ತದೆ. ಒಂದು ಗಂಟೆ ಕಾದವನು ಹೋಗಿ ಒಂದು ಸ್ಟಾರ್ ಕೊಡುತ್ತಾನೆ. ಭಟ್ಟರನ್ನು ಕೇಳಿಯೇ ತಾರೀಖು ಗೊತ್ತುಮಾಡಿ.

ನಮ್ಮ ಪೇಜ್, ಗೂಗಲ್ ಪ್ರೊಫೈಲ್ ಎಲ್ಲಾ ಮಾಡಿಕೊಟ್ಟ ಹುಡುಗ ಕೆಲಸ ಬಿಟ್ಟಿದ್ದಾನೆ. ಫೋನ್ ಎತ್ತುತ್ತಿಲ್ಲ. ಎಲ್ಲವೂ ಅವನ ಇಮೇಲ್‌ನಲ್ಲಿದೆ.
– ಫರ್ನಿಚರ್ ಅಂಗಡಿ, ಮೈಸೂರು

ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯನ್ನು ತೆರೆದು, ಇದು ನನ್ನದು ಅಂತ ಹಕ್ಕು ಕೇಳುವ ಆಯ್ಕೆ ಒತ್ತಿ. ಹಳೆಯ ಇಮೇಲ್‌ಗೆ ಮನವಿ ಹೋಗುತ್ತದೆ. ಉತ್ತರಿಸಲು ಅವನಿಗೆ ಮೂರು ದಿನ ಇರುತ್ತದೆ. ಉತ್ತರ ಬರದಿದ್ದರೆ ನೀವೇ ವೆರಿಫೈ ಮಾಡಿಸಿಕೊಳ್ಳುವ ಅವಕಾಶ ಸಿಗಬಹುದು. ಫೇಸ್‌ಬುಕ್ ಪೇಜ್ ಕಷ್ಟ, ಅದರಲ್ಲಿ ನಿಮ್ಮ ಹೆಸರಿಗೆ ಪೂರ್ತಿ ನಿಯಂತ್ರಣ ಇಲ್ಲದಿದ್ದರೆ ಹೊಸದಾಗಿ ಶುರು ಮಾಡುವುದೇ ಬೇಗ ಆಗುತ್ತದೆ. ಜಾಹೀರಾತು ಖಾತೆಗೆ ನಿಮ್ಮ ಕಾರ್ಡ್ ಜೋಡಿಸಿದ್ದರೆ ಇವತ್ತೇ ಬ್ಯಾಂಕಿಗೆ ಹೇಳಿ ಆ ಪಾವತಿ ನಿಲ್ಲಿಸಿ. ಮುಂದೆ ಯಾರನ್ನೇ ಇಟ್ಟುಕೊಂಡರೂ ಖಾತೆ ಅಂಗಡಿಯ ಇಮೇಲ್‌ನಲ್ಲಿ, ಅಂಗಡಿಯ ಫೋನ್ ನಂಬರ್‌ನಲ್ಲಿ ಇರಲಿ. ಕೆಲಸದವರಿಗೆ ಮ್ಯಾನೇಜರ್ ಅಧಿಕಾರ ಕೊಟ್ಟರೆ ಸಾಕು, ಬಿಟ್ಟು ಹೋದ ದಿನವೇ ತೆಗೆದುಹಾಕಬಹುದು.